ಶ್ವಾಸಕೋಶ ಕ್ಯಾನ್ಸರ್ ಆಪರೇಷನ್ ಆದ ಆರು ತಿಂಗಳಿಗೆ ಸಿಟಿ: ‘ಹೊಸ 4 ಎಂಎಂ ಗಂಟು’ ಅಂದರೆ ಕಾಯಿಲೆ ವಾಪಸ್ ಬಂತು ಎಂದೇ?

ತುಂಗಾತೀರ:

ನಮಸ್ಕಾರ. ಅಪ್ಪನ ಸಿಟಿ ರಿಪೋರ್ಟ್ ಕೈಗೆ ಬಂದಿದೆ, ಡಾಕ್ಟರ್ ಭೇಟಿಗೆ ಇನ್ನೂ ಹತ್ತು ದಿನ ಇದೆ. ಅಷ್ಟರೊಳಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.

ವಿವರ ಹೀಗಿದೆ. ವಯಸ್ಸು 63. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನಡೆಯುತ್ತಿದೆ. ಬೀಡಿ ಬಿಟ್ಟು ಎಂಟು ವರ್ಷ. ಬಲ ಶ್ವಾಸಕೋಶದ ಮೇಲಿನ ಭಾಗವನ್ನು (ಲೋಬ್) ಕ್ಯಾಮೆರಾ ಆಪರೇಷನ್ನಿನಲ್ಲಿ ಪೂರ್ತಿ ತೆಗೆದಿದ್ದಾರೆ. ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ (ಶ್ವಾಸಕೋಶ ಕ್ಯಾನ್ಸರಿನ ಒಂದು ಬಗೆ), 2.8 ಸೆಂ.ಮೀ., ಶ್ವಾಸಕೋಶ ಹೊದ್ದಿರುವ ಪ್ಲೂರಾ ಪದರಕ್ಕೆ ಹೋಗಿಲ್ಲ, ಕತ್ತರಿಸಿದ ಅಂಚು ಸ್ವಚ್ಛ, 14 ಲಿಂಫ್ ನೋಡ್‌ಗಳಲ್ಲಿ ಒಂದರಲ್ಲೂ ಇಲ್ಲ. ಸ್ಟೇಜ್ 1ಎ3. ಕೀಮೋ ಬೇಡ, ಆರು ತಿಂಗಳಿಗೊಮ್ಮೆ ಸಿಟಿ ಮಾಡಿಸಿ ಎಂದರು.

ಈಗಿನ ರಿಪೋರ್ಟಿನಲ್ಲಿ ಇರುವುದು: ಬಲ ಶ್ವಾಸಕೋಶದ ವಾಲ್ಯೂಮ್ ಕಡಿಮೆ, ಶ್ವಾಸನಾಳ ಬಲಕ್ಕೆ ಸರಿದಿದೆ, ಡಯಾಫ್ರಂ (ಎದೆ-ಹೊಟ್ಟೆ ನಡುವಿನ ಪರದೆ) ಮೇಲೇರಿದೆ. ಕತ್ತರಿಸಿ ಪಿನ್ನು ಹೊಡೆದ ಸ್ಟೇಪಲ್ ಗೆರೆಯುದ್ದಕ್ಕೂ ತೆಳ್ಳಗೆ ಸಾಫ್ಟ್ ಟಿಶ್ಯೂ. ಬಲಗಡೆ ಸ್ವಲ್ಪ ಎದೆ ನೀರು. ಎಡಗಡೆ ಕೆಳಗಿನ ಲೋಬಿನಲ್ಲಿ 4 ಎಂಎಂ ಗಂಟು, ‘ಆಪರೇಷನ್ನಿಗೆ ಮುಂಚಿನ ಪೆಟ್-ಸಿಟಿಯಲ್ಲಿ ಕಾಣುವುದಿಲ್ಲ, ಹೊಸದು’. ಕೊನೆಗೆ ‘ಫ್ಲೈಶ್ನರ್ ಪ್ರಕಾರ 12 ತಿಂಗಳ ನಂತರ ಸಿಟಿ, ಐಚ್ಛಿಕ’ ಎಂದು ಬರೆದಿದ್ದಾರೆ.

ಮನೆಯಲ್ಲಿ ಎಲ್ಲರೂ ನಾಳೆಯೇ ಪೆಟ್ ಸ್ಕ್ಯಾನ್ ಮಾಡಿಸೋಣ ಎನ್ನುತ್ತಿದ್ದಾರೆ. ಮಾಡಿಸಬೇಕೇ? ಇನ್ನೊಂದು ಮಾತು, ಅಪ್ಪನಿಗೆ ‘ಗಡ್ಡೆ ಇತ್ತು, ತೆಗೆದರು’ ಎಂದಷ್ಟೇ ಹೇಳಿದ್ದೇವೆ.

ಕಲ್ಪತರು:

ನೀವು ವಿವರಗಳನ್ನು ಅಚ್ಚುಕಟ್ಟಾಗಿ ಕೊಟ್ಟಿದ್ದರಿಂದ ಹೇಳಲು ಸುಲಭವಾಯಿತು. ಇವುಗಳಲ್ಲಿ ಹೆಚ್ಚಿನವು ಆಪರೇಷನ್ ಬಿಟ್ಟುಹೋದ ಗುರುತುಗಳು. ಯೋಚಿಸಬೇಕಾದದ್ದು ಆ ಗಂಟಿನ ಸಾಲು ಒಂದೇ. ಆ ಸಾಲಿನಲ್ಲೂ ‘ಹೊಸದು’ ಎಂಬ ಪದವನ್ನು ಮೊದಲು ಪರೀಕ್ಷೆಗೆ ಒಡ್ಡಬೇಕು.

ಬಲ ಶ್ವಾಸಕೋಶಕ್ಕೆ ಮೂರು ಲೋಬ್. ಮೇಲಿನದನ್ನು ತೆಗೆದ ಮೇಲೆ ಎದೆಗೂಡಿನಲ್ಲಿ ಆ ಜಾಗ ಖಾಲಿ ಉಳಿಯುವುದಿಲ್ಲ. ನಡುವಿನ ಲೋಬ್ ಮುಂದಿನಿಂದ ಮೇಲೇರುತ್ತದೆ, ಕೆಳಗಿನ ಲೋಬ್ ಹಿಂದಿನಿಂದ ಹಿಗ್ಗುತ್ತದೆ, ಡಯಾಫ್ರಂ ಮೇಲಕ್ಕೆ ಬರುತ್ತದೆ, ಶ್ವಾಸನಾಳ ಆ ಕಡೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ‘ವಾಲ್ಯೂಮ್ ಕಡಿಮೆ’ ಎಂಬ ಮಾತು ಇನ್ನು ಮುಂದೆ ಪ್ರತಿ ರಿಪೋರ್ಟಿನಲ್ಲೂ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಒಂದು ಸ್ಕ್ಯಾನಿನಿಂದ ಇನ್ನೊಂದಕ್ಕೆ ಈ ಎಳೆತ ಜಾಸ್ತಿಯಾಗುತ್ತಾ ಹೋದರೆ ಅಥವಾ ನಡುವಿನ ಲೋಬ್ ಗಾಳಿಯಿಲ್ಲದೆ ಮುದುಡಿದರೆ ಮಾತ್ರ ಕಾರಣ ಹುಡುಕಬೇಕು. ಆಗ ಬ್ರಾಂಕೋಸ್ಕೋಪಿ ಮಾಡಿ ಒಳಗೆ ನೋಡುತ್ತಾರೆ.

ಸ್ಟೇಪಲ್ ಗೆರೆ ಸಿಟಿಯಲ್ಲಿ ಹೇಗೆ ಕಾಣುತ್ತದೆ ಎಂದು ಒಮ್ಮೆ ಡಾಕ್ಟರ ಹತ್ತಿರ ತೋರಿಸಿಕೊಳ್ಳಿ. ಲೋಹದ ಪಿನ್ನುಗಳು ಬಿಳಿ ಚುಕ್ಕೆಗಳ ಸಾಲಾಗಿ, ಪೋಣಿಸಿದ ಸಣ್ಣ ಮಣಿಗಳ ಹಾಗೆ ಹೊಳೆಯುತ್ತವೆ. ಅದರ ಎರಡೂ ಬದಿಗೆ ಬೂದು ಬಣ್ಣದ ಸಣ್ಣ ಅಂಚು ಇರುತ್ತದೆ, ಗಾಯ ಮಾಗಿದ ಕಲೆ ಅದು. ನುಣುಪಾಗಿ, ಉದ್ದಕ್ಕೂ ಒಂದೇ ದಪ್ಪವಿದ್ದು, ಮುಂದಿನ ಸ್ಕ್ಯಾನಿನಲ್ಲಿ ಅಷ್ಟೇ ಇದ್ದರೆ ಅಥವಾ ಕಡಿಮೆಯಾದರೆ ಸರಿ. ಅದೇ ಗೆರೆಯಲ್ಲಿ ಒಂದು ಕಡೆ ಮಾತ್ರ ಉಬ್ಬಿ ಗುಂಡಗಾಗುತ್ತಾ ಹೋದರೆ ಅನುಮಾನ ಪಡಬೇಕು. ಪೂರ್ತಿ ಲೋಬ್ ತೆಗೆದವರಿಗಿಂತ, ಗಡ್ಡೆಯ ಸುತ್ತ ಸಣ್ಣ ತುಂಡು ಮಾತ್ರ ತೆಗೆದವರಲ್ಲಿ ಈ ಗೆರೆಯ ಮೇಲೆ ಹೆಚ್ಚು ಕಣ್ಣಿಡುತ್ತಾರೆ, ಯಾಕೆಂದರೆ ಅಲ್ಲಿ ಅಂಚು ಗಡ್ಡೆಗೆ ಹತ್ತಿರ.

ಆರು ತಿಂಗಳಿಗೆ ಸ್ವಲ್ಪ ಎದೆ ನೀರು ಉಳಿದಿರುವುದು ಅಪರೂಪವಲ್ಲ. ಮುಂದಿನ ಸಲ ಹೆಚ್ಚಾಗಿದ್ದರೆ ಸೂಜಿಯಲ್ಲಿ ತೆಗೆದು ಸೈಟಾಲಜಿಗೆ (ಜೀವಕೋಶ ಪರೀಕ್ಷೆಗೆ) ಕಳಿಸಬೇಕು.

ಇನ್ನು ಗಂಟು. ರಿಪೋರ್ಟ್ ಬರೆದವರು ಹೋಲಿಸಿದ್ದು ಯಾವುದಕ್ಕೆ? ಪೆಟ್-ಸಿಟಿಗೆ. ಪೆಟ್‌ನ ಜೊತೆ ತೆಗೆಯುವ ಸಿಟಿ ಸಾಮಾನ್ಯವಾಗಿ ಕಡಿಮೆ ಡೋಸಿನದು, ರೋಗಿ ಮೆಲ್ಲಗೆ ಉಸಿರಾಡುತ್ತಿರುವಾಗಲೇ ತೆಗೆದದ್ದು, ಒಂದೊಂದು ಸ್ಲೈಸ್ 3ರಿಂದ 5 ಎಂಎಂ ದಪ್ಪ. ಕೆಳಗಿನ ಲೋಬ್ ಉಸಿರಿನ ಜೊತೆ ಎಲ್ಲಕ್ಕಿಂತ ಹೆಚ್ಚು ಅಲುಗಾಡುವ ಜಾಗ. ಅಲ್ಲಿ 4 ಎಂಎಂ ಗಂಟು ಮೊದಲೇ ಇದ್ದರೂ ಆ ಸ್ಕ್ಯಾನಿನಲ್ಲಿ ಕಾಣದೇ ಹೋಗುವುದು ಸುಲಭ. ಪೆಟ್‌ಗೆ ಮುಂಚೆ, ಗಡ್ಡೆ ಮೊದಲ ಸಲ ಸಿಕ್ಕಾಗ, ಉಸಿರು ಹಿಡಿಸಿ ತೆಗೆದ ಮಾಮೂಲಿ ಎದೆ ಸಿಟಿ ಒಂದು ಆಗಿರಲೇಬೇಕು. ಅದರ ಸಿಡಿ ಹುಡುಕಿ. ಈಗಿನ ಸ್ಕ್ಯಾನ್ ಮಾಡಿದ ಕಡೆಗೆ ಒಯ್ದು, ‘ಈ ತಾರೀಖಿನ ಸಿಟಿಯೊಂದಿಗೆ ಹೋಲಿಸಿ ಅಡೆಂಡಮ್ (ರಿಪೋರ್ಟಿಗೆ ಸೇರಿಸುವ ಟಿಪ್ಪಣಿ) ಕೊಡಿ’ ಎಂದು ಬರಹದಲ್ಲಿ ಕೇಳಿ. ಹತ್ತು ದಿನದಲ್ಲಿ ನೀವು ಮಾಡಬಹುದಾದ ಕೆಲಸಗಳಲ್ಲಿ ಅತಿ ಉಪಯೋಗದ್ದು ಇದೇ.

ಫ್ಲೈಶ್ನರ್ ವಿಷಯ. 2017ರ ಆ ಮಾರ್ಗಸೂಚಿ ಆಕಸ್ಮಿಕವಾಗಿ ಗಂಟು ಕಂಡವರಿಗೆ. ಕ್ಯಾನ್ಸರ್ ಇರುವವರಿಗೆ ಇದನ್ನು ಅನ್ವಯಿಸಬೇಡಿ ಎಂದು ಅದರಲ್ಲೇ ಹೇಳಿದೆ. ಆರು ತಿಂಗಳ ಹಿಂದೆ ಆಪರೇಷನ್ ಆದವರಿಗೆ ‘12 ತಿಂಗಳು, ಐಚ್ಛಿಕ’ ಹೊಂದುವುದಿಲ್ಲ. ಸ್ಕ್ಯಾನ್ ಚೀಟಿಯಲ್ಲಿ ‘ಎದೆ ಸಿಟಿ’ ಎಂದಷ್ಟೇ ಇದ್ದು ಹಳೆಯ ಕಾಯಿಲೆಯ ವಿವರ ಇಲ್ಲದಿದ್ದಾಗ ಇಂಥ ಸಾಲು ರಿಪೋರ್ಟಿಗೆ ಬಂದು ಕೂರುತ್ತದೆ. ಮುಂದಿನ ಸಲ ಚೀಟಿಯ ಮೇಲೆ ಕಾಯಿಲೆ, ಸ್ಟೇಜ್, ಆಪರೇಷನ್ ತಾರೀಖು, ತೆಗೆದ ಲೋಬ್ ನಾಲ್ಕನ್ನೂ ಬರೆಸಿಕೊಳ್ಳಿ.

ನಿಜಕ್ಕೂ ಹೊಸದೇ ಆಗಿದ್ದರೂ ವಾಡಿಕೆಯ ಹೆಜ್ಜೆ 3 ತಿಂಗಳಿಗೆ ಇನ್ನೊಂದು ಸಿಟಿ. ಯಾಕೆ ನಾಳೆಯೇ ಬೇಡ ಎಂದರೆ, ಗಂಟಿನ ಅಡ್ಡಳತೆ ಸುಮಾರು ಕಾಲು ಭಾಗ ಹೆಚ್ಚಿದರೆ ಅದರ ಗಾತ್ರ ಎರಡರಷ್ಟಾದ ಲೆಕ್ಕ. 4 ಎಂಎಂ ಇದ್ದದ್ದು 5 ಎಂಎಂ ಆದರೆ ಗಾತ್ರ ದುಪ್ಪಟ್ಟು. ಆದರೆ ಕೈಯಲ್ಲಿ ಅಳೆಯುವಾಗ ಆಗುವ ವ್ಯತ್ಯಾಸವೇ ಒಂದೂವರೆ-ಎರಡು ಎಂಎಂ. ಎರಡು ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿದರೆ ಬೆಳೆದಿದೆಯೋ ಇಲ್ಲವೋ ಯಾರಿಗೂ ಹೇಳಲಾಗದು. ಗಟ್ಟಿ ಗಂಟಿನ ಕ್ಯಾನ್ಸರ್ ದುಪ್ಪಟ್ಟಾಗಲು ಸಾಮಾನ್ಯವಾಗಿ ತಿಂಗಳುಗಳೇ ಬೇಕು. ಕೆಲವೇ ದಿನಗಳಲ್ಲಿ ದುಪ್ಪಟ್ಟಾಗುವುದು ಹೆಚ್ಚಾಗಿ ಸೋಂಕು. 3 ತಿಂಗಳಲ್ಲಿ ಕರಗಿದರೆ ವಿಷಯ ಮುಗಿಯಿತು, ಹಾಗೇ ಇದ್ದರೆ ಮತ್ತೆ ಆರು ತಿಂಗಳಿಗೆ ನೋಡುತ್ತಾರೆ, 2 ಎಂಎಂಗಿಂತ ಹೆಚ್ಚು ಬೆಳೆದಿದ್ದರೆ ಆಗ ಪೆಟ್, ಬಯಾಪ್ಸಿಯ ಮಾತು.

ಬಯಲುಸೀಮೆ:

ಪೆಟ್ ಬಗ್ಗೆ ನಾನು ಹೇಳುತ್ತೇನೆ. ದಯವಿಟ್ಟು ನಾಳೆಯೇ ಮಾಡಿಸಬೇಡಿ.

8 ಎಂಎಂಗಿಂತ ಚಿಕ್ಕ ಗಂಟಿನ ಮೇಲೆ ಪೆಟ್ ಹೇಳುವ ಮಾತನ್ನು ನಂಬಲಾಗುವುದಿಲ್ಲ. 4 ಎಂಎಂ ಗಂಟು ಕ್ಯಾನ್ಸರೇ ಆಗಿದ್ದರೂ ಹೊಳೆಯದೇ ಇರಬಹುದು. ‘ಪೆಟ್ ನಾರ್ಮಲ್’ ಎಂದು ಸಮಾಧಾನಪಟ್ಟು ಮುಂದಿನ ಸಿಟಿ ತಪ್ಪಿಸಿದರೆ ಅದೇ ದೊಡ್ಡ ಅಪಾಯ. ಇನ್ನೊಂದು ಬದಿಯೂ ಇದೆ. ಪೆಟ್‌ನಲ್ಲಿ ಹೊಳೆಯುವುದು ಸಕ್ಕರೆ ಹೀರುವ ಜೀವಕೋಶ, ಅದು ಕ್ಯಾನ್ಸರೇ ಆಗಬೇಕೆಂದಿಲ್ಲ. ಟಿಬಿ ಗಂಟು, ವಾಸಿಯಾಗುತ್ತಿರುವ ನ್ಯುಮೋನಿಯಾ, ಆಪರೇಷನ್ ಗಾಯ, ಲಸಿಕೆ ಹಾಕಿದ ತೋಳಿನ ಕಂಕುಳ ಗ್ರಂಥಿ, ಎಲ್ಲವೂ ಹೊಳೆಯುತ್ತವೆ. ನಮ್ಮ ದೇಶದಲ್ಲಿ ಟಿಬಿ ಎಷ್ಟಿದೆ ಎಂದು ಹೇಳಬೇಕಾಗಿಲ್ಲ. ಹೊಳೆದದ್ದೆಲ್ಲ ಕಾಯಿಲೆ ಎಂದು ಬಯಾಪ್ಸಿ ಇಲ್ಲದೆ ಕೀಮೋ ಶುರು ಮಾಡುವುದು, ಹೊಳೆದದ್ದೆಲ್ಲ ಟಿಬಿ ಎಂದು ಆರು ತಿಂಗಳು ಮಾತ್ರೆ ಕೊಟ್ಟು ಕಾಯುವುದು, ಎರಡೂ ತಪ್ಪು.

ಮುಂದೆ ಎಂದಾದರೂ ಬಯಾಪ್ಸಿ ಬೇಕಾದರೆ ಒಂದು ವಿಷಯ ನೆನಪಿಟ್ಟುಕೊಳ್ಳಿ, ಬಹಳ ಕಡೆ ತಪ್ಪುವುದು ಇಲ್ಲೇ. ತೆಗೆದ ತುಂಡನ್ನೆಲ್ಲ ಫಾರ್ಮಲಿನ್ ಬಾಟಲಿಗೆ ಹಾಕಿಬಿಟ್ಟರೆ ಕ್ಯಾನ್ಸರ್ ಪರೀಕ್ಷೆ ಆಗುತ್ತದೆ, ಟಿಬಿ ಕಲ್ಚರ್ ಆಗುವುದಿಲ್ಲ, ಫಾರ್ಮಲಿನ್ ಕ್ರಿಮಿಯನ್ನು ಕೊಲ್ಲುತ್ತದೆ. ಒಂದು ತುಂಡನ್ನು ನಾರ್ಮಲ್ ಸಲೈನಿನಲ್ಲಿ ಬೇರೆ ಕಳಿಸಬೇಕು, ಟಿಬಿ ಹುಡುಕುವ ಸಿಬಿನಾಟ್ ಪರೀಕ್ಷೆ ಮತ್ತು ಕಲ್ಚರ್‌ಗೆ. ಸೂಜಿ ಹಾಕುವ ಮುಂಚೆಯೇ ಕೇಳಿಕೊಳ್ಳಿ, ಆಮೇಲೆ ಕೇಳಿದರೆ ಮತ್ತೆ ಚುಚ್ಚಬೇಕಾಗುತ್ತದೆ.

ಸಿಇಎ ಎಂಬ ಕ್ಯಾನ್ಸರ್ ಮಾರ್ಕರಿನ ರಕ್ತ ಪರೀಕ್ಷೆಯನ್ನು ಪ್ರತಿ ತಿಂಗಳು ಮಾಡಿಸುವವರೂ ಇದ್ದಾರೆ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋದ ಮಾರ್ಗಸೂಚಿ ರಕ್ತದ ಮಾರ್ಕರ್‌ಗಳನ್ನಾಗಲಿ, ಪೆಟ್ ಸ್ಕ್ಯಾನನ್ನಾಗಲಿ, ಲಕ್ಷಣವಿಲ್ಲದವರಿಗೆ ಮಿದುಳಿನ ಎಂಆರ್‌ಐಯನ್ನಾಗಲಿ ಈ ಕಾಯಿಲೆಯ ಮಾಮೂಲಿ ಫಾಲೋಅಪ್‌ಗೆ ಹೇಳುವುದಿಲ್ಲ. ಸ್ಮಾಲ್ ಸೆಲ್ ಎಂಬ ಜಾತಿಯ ಕ್ಯಾನ್ಸರ್‌ಗೆ ಮಾತ್ರ ಮಿದುಳಿನ ಎಂಆರ್‌ಐ ನಿಯಮಿತವಾಗಿ ಬೇಕು. ನಿಮ್ಮ ತಂದೆಯವರದು ಆ ಜಾತಿಯದಲ್ಲ.

ಗ್ಯಾಂಟ್ರಿ:

ಸಿಟಿ ಕೋಣೆಯ ಕಡೆಯಿಂದ ಕೆಲವು ಮಾತು. ಹೋಲಿಕೆ ಸರಿಯಾಗಬೇಕಾದರೆ ಎರಡೂ ಸ್ಕ್ಯಾನ್ ಒಂದೇ ರೀತಿಯಲ್ಲಿ ತೆಗೆದಿರಬೇಕು. ಸಾಧ್ಯವಾದಷ್ಟೂ ಒಂದೇ ಸೆಂಟರ್, ಒಂದೇ ಮೆಷಿನ್.

ಸಿಡಿ ಕೈಗೆ ಬಂದ ತಕ್ಷಣ ಕೌಂಟರಿನಲ್ಲೇ ತೆರೆದು ನೋಡಿ, ಲಂಗ್ ವಿಂಡೋದಲ್ಲಿ (ಶ್ವಾಸಕೋಶ ಸ್ಪಷ್ಟವಾಗಿ ಕಾಣುವಂತೆ ಹೊಂದಿಸಿದ ಚಿತ್ರಗಳು) ಎಷ್ಟು ಚಿತ್ರಗಳಿವೆ ಎಂದು. ಎದೆಯ ಉದ್ದ ಸುಮಾರು 30 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಂದು ಎಂಎಂ ಸ್ಲೈಸ್ ಆದರೆ 300ರ ಆಸುಪಾಸು ಚಿತ್ರ ಇರಬೇಕು. 60 ಮಾತ್ರ ಇದ್ದರೆ ನಿಮಗೆ ಕೊಟ್ಟದ್ದು 5 ಎಂಎಂ ಸ್ಲೈಸ್. 4 ಎಂಎಂ ಗಂಟನ್ನು 5 ಎಂಎಂ ಸ್ಲೈಸಿನಲ್ಲಿ ಅಳೆಯುವುದು ಇಂಚಿನ ಗುರುತೇ ಇಲ್ಲದ ಕೋಲಿನಲ್ಲಿ ಇಂಚು ಅಳೆದ ಹಾಗೆ. ‘ಥಿನ್ ಸ್ಲೈಸ್ ಡೈಕಾಮ್ (ಸ್ಕ್ಯಾನಿನ ಮೂಲ ಫೈಲು) ಹಾಕಿಕೊಡಿ’ ಎಂದು ಕೇಳಿ. ಫಿಲ್ಮು ಶೀಟಾಗಲಿ, ಮೊಬೈಲಿನಲ್ಲಿ ಕಳಿಸಿದ ಫೋಟೋ ಆಗಲಿ ಹೋಲಿಕೆಗೆ ಬರುವುದಿಲ್ಲ. ಸಿಡಿಯನ್ನು ಪೂರ್ತಿ ಫೋಲ್ಡರ್ ಸಮೇತ ಪೆನ್‌ಡ್ರೈವಿಗೆ ಕಾಪಿ ಮಾಡಿ, ಫೋಲ್ಡರಿಗೆ ತಾರೀಖಿನ ಹೆಸರಿಡಿ. ಬಿಸಿಲಿನ ಕಾರಿನಲ್ಲಿ, ಫೈಲಿನ ಒತ್ತಡದಲ್ಲಿ ಸಿಡಿಗಳು ಹಾಳಾಗುತ್ತವೆ.

ಉಸಿರು ಹಿಡಿಯುವುದು ಚಿಕ್ಕ ವಿಷಯ ಎನಿಸುತ್ತದೆ, ಅಲ್ಲ. ಲೋಬ್ ತೆಗೆದವರಿಗೆ ಪೂರ್ತಿ ಉಸಿರು ಎಳೆದರೆ ಕೆಮ್ಮು ಬರುತ್ತದೆ, ಅದಕ್ಕೆ ಅರ್ಧಕ್ಕೇ ನಿಲ್ಲಿಸುತ್ತಾರೆ. ಆಗ ಬೆನ್ನಿನ ಕಡೆಯ ಶ್ವಾಸಕೋಶ ಪೂರ್ತಿ ಹಿಗ್ಗದೆ ಮಬ್ಬಾಗಿ ಕಾಣುತ್ತದೆ, ರಿಪೋರ್ಟಿನಲ್ಲಿ ‘ಗ್ರೌಂಡ್ ಗ್ಲಾಸ್’ ಎಂದು ಬರುತ್ತದೆ, ಮನೆಯವರಿಗೆ ನಿದ್ದೆ ಹೋಗುತ್ತದೆ. ಸ್ಕ್ಯಾನಿಗೆ ನಾಲ್ಕೈದು ದಿನ ಮುಂಚಿನಿಂದ ಅಪ್ಪನನ್ನು ಮಲಗಿಸಿ, ಕೈ ತಲೆಯ ಮೇಲೆ ಇಡಿಸಿ, ನಿಧಾನವಾಗಿ ಪೂರ್ತಿ ಉಸಿರು ತೆಗೆದುಕೊಂಡು ಹತ್ತು ಎಣಿಸುವವರೆಗೆ ಹಿಡಿಸಿ. ಭುಜ ಬಿಗಿದುಕೊಂಡವರಿಗೆ ಕೈ ಮೇಲೆತ್ತಲು ಆಗದು. ಕೈ ಪಕ್ಕದಲ್ಲೇ ಉಳಿದರೆ ಚಿತ್ರದಲ್ಲಿ ಗೆರೆಗಳು ಬೀಳುತ್ತವೆ. ಮೇಜಿನ ಮೇಲೆ ಹತ್ತುವ ಮುಂಚೆ ಕಫ ಇದ್ದರೆ ಕೆಮ್ಮಿ ಉಗುಳಲಿ, ಶ್ವಾಸನಾಳದಲ್ಲಿ ಕೂತ ಕಫದ ಉಂಡೆಯೂ ಗಂಟಿನಂತೆ ಕಾಣುತ್ತದೆ.

ಜ್ವರ, ಹಳದಿ ಕಫ ಇರುವ ವಾರದಲ್ಲಿ ಫಾಲೋಅಪ್ ಸ್ಕ್ಯಾನ್ ಇದ್ದರೆ ಡಾಕ್ಟರಿಗೆ ತಿಳಿಸಿ. ತುರ್ತು ಇಲ್ಲದಿದ್ದರೆ ಸೋಂಕು ವಾಸಿಯಾದ ಮೇಲೆ ನಾಲ್ಕಾರು ವಾರ ಬಿಟ್ಟು ಮಾಡುವುದು ಒಳ್ಳೆಯದು.

ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಇಂಜೆಕ್ಷನ್) ಹಾಕುವುದಾದರೆ ಮೂತ್ರಪಿಂಡದ ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್ ಬೇಕು. ಮೆಟ್‌ಫಾರ್ಮಿನ್ ಬಗ್ಗೆ ಒಂದೊಂದು ಕಡೆ ಒಂದೊಂದು ನಿಯಮ. ಮೂತ್ರಪಿಂಡ ಸೋಸುವ ಶಕ್ತಿಯ ಅಳತೆ ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದವರು ಅಥವಾ ಮೂತ್ರಪಿಂಡಕ್ಕೆ ದಿಢೀರನೆ ಪೆಟ್ಟಾದವರು ಸ್ಕ್ಯಾನ್ ದಿನದಿಂದ 48 ಗಂಟೆ ನಿಲ್ಲಿಸಿ, ಕ್ರಿಯಾಟಿನಿನ್ ಮತ್ತೆ ನೋಡಿ ಶುರು ಮಾಡಬೇಕು. ಮೂತ್ರಪಿಂಡ ಚೆನ್ನಾಗಿರುವವರಿಗೂ ಕೆಲವು ಸೆಂಟರ್‌ಗಳು 48 ಗಂಟೆ ನಿಲ್ಲಿಸಿ ಎನ್ನುತ್ತವೆ. ಆಗ ಸಕ್ಕರೆಯ ಡಾಕ್ಟರಿಗೆ ತಿಳಿಸದೆ ನೀವೇ ನಿಲ್ಲಿಸಬೇಡಿ. ಇಂಜೆಕ್ಷನ್ ಹೋಗುವಾಗ ಮೈಯೆಲ್ಲ ಬಿಸಿಯಾಗಿ, ಬಾಯಲ್ಲಿ ಲೋಹದ ರುಚಿ ಬಂದು, ಉಚ್ಚೆ ಹೋಯಿತೇನೋ ಅನಿಸುತ್ತದೆ, ಅರ್ಧ ನಿಮಿಷದಲ್ಲಿ ಹೋಗುತ್ತದೆ. ಮೊದಲೇ ಹೇಳಿಟ್ಟರೆ ಹೆದರಿ ಉಸಿರು ಬಿಡುವುದಿಲ್ಲ. ತುರಿಕೆ, ಗಂಟಲು ಬಿಗಿತ ಮಾತ್ರ ಅಲರ್ಜಿ, ಆ ಕ್ಷಣವೇ ಕೂಗಿ ಹೇಳಬೇಕು. ಹಿಂದೆ ಆಗಿದ್ದರೆ ಬುಕ್ ಮಾಡುವಾಗಲೇ ತಿಳಿಸಿ.

ಸ್ಕ್ಯಾನ್ ಅಡ್ರಿನಲ್ ಗ್ರಂಥಿಗಳವರೆಗೆ ಹೋಗಲಿ ಎಂದು ಚೀಟಿಯಲ್ಲಿ ಬರೆಸಿ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಪುಟ್ಟ ಗ್ರಂಥಿಗಳವು. ಶ್ವಾಸಕೋಶದ ಕ್ಯಾನ್ಸರ್ ಹೋಗಿ ಕೂರುವ ಜಾಗಗಳಲ್ಲಿ ಅದೂ ಒಂದು.

ತುಂಗಾತೀರ:

ಎಲ್ಲರಿಗೂ ತುಂಬ ಧನ್ಯವಾದ. ಹಳೆಯ ಸಿಡಿ ಸಿಕ್ಕಿತು. ತೆರೆದು ಎಣಿಸಿದೆ, 58 ಚಿತ್ರ ಇದೆ. ಬೇರೆ ಊರಿನ ಸೆಂಟರ್ ಅದು, ಸ್ಕ್ಯಾನ್ ಆಗಿ ಎಂಟು ತಿಂಗಳಾಯಿತು. ಇನ್ನೇನಾದರೂ ಮಾಡಬಹುದೇ?

ಇನ್ನೆರಡು ಪ್ರಶ್ನೆ. ಈ ಆರು ತಿಂಗಳ ಲೆಕ್ಕ ಎಷ್ಟು ವರ್ಷ? ಮೂರು ತಿಂಗಳಿಗೊಮ್ಮೆ ಮಾಡಿಸಿದರೆ ಇನ್ನೂ ಬೇಗ ಸಿಗುವುದಿಲ್ಲವೇ? ಅಪ್ಪ ಎದೆಯ ಬಲಗಡೆ ಉರಿ ಎನ್ನುತ್ತಾರೆ, ಅಂಗಿ ತಾಗಿದರೂ ಆಗದು. ಅದು ಕಾಯಿಲೆಯದೇ?

ಗ್ಯಾಂಟ್ರಿ:

ಆ ಸೆಂಟರಿಗೆ ಇವತ್ತೇ ಫೋನ್ ಮಾಡಿ. ಸಿಡಿಗೆ ದಪ್ಪ ಸ್ಲೈಸ್ ಹಾಕಿದ್ದರೂ ಅವರ ಸರ್ವರಿನಲ್ಲಿ ತೆಳು ಸ್ಲೈಸ್ ಇರುವ ಸಾಧ್ಯತೆ ಇದೆ. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದು ಜಾಗ ನೋಡಿ ಬದಲಾಗುತ್ತದೆ, ತಡವಾದಷ್ಟೂ ಅಳಿಸಿಹೋಗುವ ಅಪಾಯ. ರೋಗಿಯ ಹೆಸರು, ಸ್ಕ್ಯಾನ್ ತಾರೀಖು, ಬಿಲ್ಲಿನ ಮೇಲಿನ ಐಡಿ ನಂಬರ್ ಹೇಳಿ, ‘1 ಎಂಎಂ ಲಂಗ್ ಸೀರೀಸ್ ಬೇಕು’ ಎನ್ನಿ. ಸಿಗದಿದ್ದರೂ 58 ಚಿತ್ರದ ಸಿಡಿಯನ್ನು ಒಯ್ಯಿರಿ. ಅದು ಉಸಿರು ಹಿಡಿದು ತೆಗೆದದ್ದು, ಪೆಟ್-ಸಿಟಿಗಿಂತ ಎಷ್ಟೋ ಮೇಲು. ಗಂಟಿನ ಜಾಗದಲ್ಲಿ ಒಂದು ಚುಕ್ಕೆ ಇತ್ತು ಎಂದು ತಿಳಿದರೂ ‘ಹೊಸದು’ ಎಂಬ ಮಾತು ಬಿದ್ದುಹೋಗುತ್ತದೆ.

ಕಲ್ಪತರು:

ಸ್ಟೇಜ್ 1, 2ರವರಿಗೆ ಮೊದಲ ಎರಡು-ಮೂರು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಾಂಟ್ರಾಸ್ಟ್ ಇಲ್ಲದ ಲೋ ಡೋಸ್ ಸಿಟಿ. ಸ್ಟೇಜ್ 3 ಆಗಿದ್ದರೆ ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಹೇಳುತ್ತಾರೆ. ವಾಪಸ್ ಬರುವುದಿದ್ದರೆ ಬಹುಪಾಲು ಮೊದಲ ಎರಡು ವರ್ಷದಲ್ಲೇ ಬರುತ್ತದೆ, ಅದಕ್ಕೇ ಆಗ ಹತ್ತಿರ ಹತ್ತಿರ. ಐದು ವರ್ಷ ಆದಮೇಲೂ ನಿಲ್ಲಿಸದಿರುವುದಕ್ಕೆ ಕಾರಣ ಬೇರೆ. ಒಮ್ಮೆ ಈ ಕಾಯಿಲೆ ಬಂದವರ ಉಳಿದ ಶ್ವಾಸಕೋಶದಲ್ಲಿ ಹೊಸದಾಗಿ ಇನ್ನೊಂದು ಕ್ಯಾನ್ಸರ್ ಹುಟ್ಟುವ ಸಾಧ್ಯತೆ ವರ್ಷಕ್ಕೆ ನೂರರಲ್ಲಿ ಒಬ್ಬರಿಂದ ಇಬ್ಬರಿಗೆ, ಮತ್ತು ಅದು ವರ್ಷ ಕಳೆದಂತೆ ಕಡಿಮೆಯಾಗುವುದಿಲ್ಲ. ಚಿಕ್ಕದಿರುವಾಗ ಸಿಕ್ಕರೆ ಮತ್ತೆ ಸಣ್ಣ ಆಪರೇಷನ್ನಿಗೋ ಎಸ್‌ಬಿಆರ್‌ಟಿ ಎಂಬ ಗುರಿಯಿಟ್ಟ ರೇಡಿಯೇಷನ್ನಿಗೋ ಅವಕಾಶ ಇರುತ್ತದೆ.

ಮೂರು ತಿಂಗಳಿಗೊಮ್ಮೆ ಮಾಡಿಸಿದರೆ ಒಳ್ಳೆಯದಲ್ಲವೇ ಎಂಬುದಕ್ಕೆ, ಫ್ರಾನ್ಸಿನಲ್ಲಿ 1,775 ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ ನೋಡಬೇಕು. ಅದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಪರೀಕ್ಷೆ ಮತ್ತು ಎದೆ ಎಕ್ಸ್‌ರೇ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಸಿಟಿ, ಎರಡೂ ಮೊದಲೆರಡು ವರ್ಷ ಆರು ತಿಂಗಳಿಗೊಮ್ಮೆ. ಒಟ್ಟು ಬದುಕಿನ ಅವಧಿಯಲ್ಲಿ ಲೆಕ್ಕಕ್ಕೆ ನಿಲ್ಲುವಂಥ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಸಿಟಿ ದಂಡ ಎಂದು ತಿಳಿಯಬೇಡಿ. ಎರಡನೇ ಕ್ಯಾನ್ಸರನ್ನು ಬೇಗ ಹಿಡಿಯುವುದು ಸಿಟಿಯೇ, ಅದಕ್ಕೇ ಮಾರ್ಗಸೂಚಿಗಳು ಅದನ್ನು ಬಿಟ್ಟಿಲ್ಲ. ಆದರೆ ಆರು ತಿಂಗಳಿಗೊಮ್ಮೆ ಮಾಡಿದಾಗಲೇ ಲಾಭ ಇಷ್ಟು ಕಷ್ಟಪಟ್ಟು ಹುಡುಕಬೇಕಾಗಿರುವಾಗ, ಕಾರಣವಿಲ್ಲದೆ ಮೂರು ತಿಂಗಳಿಗೊಮ್ಮೆ ಮಾಡಿಸಿದರೆ ಸಿಗುವುದು ಹೆಚ್ಚಾಗಿ ಸಣ್ಣಪುಟ್ಟ ಚುಕ್ಕೆಗಳು, ಅವುಗಳ ಹಿಂದೆ ಓಡಾಟ. ನಿಮ್ಮ ತಂದೆಯವರಿಗೆ ಈ ಸಲ ಮೂರು ತಿಂಗಳಿಗೆ ಬೇಕಾಗುವುದು ಗಂಟು ಎಂಬ ಕಾರಣ ಇರುವುದರಿಂದ. ಅದು ಸ್ಥಿರವಾಗಿದ್ದರೆ ಮತ್ತೆ ಆರಕ್ಕೆ ಮರಳಬಹುದು.

ಓದುವ ಇತರರಿಗೆ ಒಂದು ಮಾತು. ಸ್ಟೇಜ್ 1ಬಿಯಿಂದ 3ಎವರೆಗಿನವರು ಗಡ್ಡೆಯ ಇಜಿಎಫ್‌ಆರ್ ಜೀನ್ ಪರೀಕ್ಷೆ ಆಗಿದೆಯೇ ಎಂದು ಕೇಳಲೇಬೇಕು. (ಮೇಲೆ ಹೇಳಿದ ಮೂತ್ರಪಿಂಡದ ಇಜಿಎಫ್‌ಆರ್ ಬೇರೆ, ಹೆಸರು ಮಾತ್ರ ಒಂದೇ.) ಅದು ಪಾಸಿಟಿವ್ ಇದ್ದವರಿಗೆ ಆಪರೇಷನ್ ನಂತರ ಮೂರು ವರ್ಷ ಓಸಿಮರ್ಟಿನಿಬ್ 80 ಮಿ.ಗ್ರಾಂ. ಮಾತ್ರೆ ಕೊಟ್ಟ ಅಡಾರಾ ಅಧ್ಯಯನದಲ್ಲಿ ಐದನೇ ವರ್ಷಕ್ಕೆ ಬದುಕಿದ್ದವರು ನೂರಕ್ಕೆ 88, ಮಾತ್ರೆ ಇಲ್ಲದವರಲ್ಲಿ 78. ಆ ಮಾತ್ರೆ ತೆಗೆದುಕೊಳ್ಳುವವರ ಸಿಟಿಯಲ್ಲಿ ಹೊಸದಾಗಿ ಮಬ್ಬು ಕಂಡು, ಒಣಕೆಮ್ಮು, ದಮ್ಮು ಇದ್ದರೆ ಅದು ಮಾತ್ರೆಯಿಂದಾದ ಉರಿಯೂತವೂ ಇರಬಹುದು. ಡಾಕ್ಟರಿಗೆ ಅದೇ ದಿನ ತಿಳಿಸಬೇಕು. 1ಎ3ಗೆ ಈ ಮಾತ್ರೆಯ ಪ್ರಶ್ನೆ ಬರುವುದಿಲ್ಲ.

ಮಲೆನಾಡ ಮಳೆ:

ಅಪ್ಪನ ಉರಿಯ ಬಗ್ಗೆ. ಅಂಗಿ ತಾಗಿದರೂ ಆಗದ ಉರಿ, ಎದೆಯ ಕೆಳಗೆ ಪಟ್ಟಿಯಂತೆ ಸುತ್ತಿಬರುವ ಜೋಮು, ಅಲ್ಲಲ್ಲಿ ಮರಗಟ್ಟಿದ ಚರ್ಮ, ಇದು ಪಕ್ಕೆಲುಬುಗಳ ನಡುವಿನ ನರಕ್ಕೆ ಆಪರೇಷನ್ನಿನಲ್ಲಿ ಆದ ಪೆಟ್ಟಿನ ಸ್ವಭಾವ. ಸಣ್ಣ ರಂಧ್ರದ ಆಪರೇಷನ್ನಿನಲ್ಲೂ ಆಗುತ್ತದೆ, ಉಪಕರಣ ತೂರಿಸುವುದು ಎರಡು ಪಕ್ಕೆಲುಬಿನ ನಡುವೆಯೇ. ಆಪರೇಷನ್ ಆದಾಗಿನಿಂದ ಇದ್ದು, ಏರಿಳಿತವಾಗುತ್ತಾ ನಿಧಾನ ಇಳಿಯುವುದು ನರದ ನೋವು. ಸಾದಾ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ನಂಥ ನರದ ಔಷಧಿ ಬೇಕಾಗುತ್ತದೆ. ಕಡಿಮೆ ಪ್ರಮಾಣದಿಂದ ಏರಿಸುತ್ತಾರೆ, ಮೊದಲ ದಿನಗಳಲ್ಲಿ ತೂಕಡಿಕೆ ಇರುವುದರಿಂದ ರಾತ್ರಿ ಬಚ್ಚಲಿಗೆ ಏಳುವಾಗ ಜೋಪಾನ. ಅನುಮಾನಪಡಬೇಕಾದ ನೋವು ಬೇರೆ ಥರ: ನೋವಿಲ್ಲದೆ ಕೆಲವು ತಿಂಗಳು ಕಳೆದ ಮೇಲೆ ಹೊಸದಾಗಿ, ಒಂದೇ ಜಾಗದಲ್ಲಿ, ಮೂಳೆಯೊಳಗೆ ಕೊರೆದಂತೆ, ವಾರದಿಂದ ವಾರಕ್ಕೆ ಹೆಚ್ಚುತ್ತಾ, ರಾತ್ರಿ ಎಬ್ಬಿಸುವ ನೋವು.

ಕಾಯಿಲೆ ಎರಡು ಸ್ಕ್ಯಾನ್ ನಡುವೆ ತಲೆಯೆತ್ತಿದರೆ ಮೊದಲು ತಿಳಿಯುವುದು ಮೈಗೆ. ಕಫದಲ್ಲಿ ರಕ್ತ ಒಂದೇ ಗೆರೆ ಆದರೂ, ಮೂರು ವಾರ ದಾಟಿದ ಹೊಸ ಕೆಮ್ಮು, ಹೊಸದಾಗಿ ಒಡೆದ ದನಿ, ಪ್ರಯತ್ನವಿಲ್ಲದೆ ಇಳಿದ ತೂಕ, ಬೆಳಿಗ್ಗೆ ಏಳುವಾಗ ತಲೆನೋವು ಮತ್ತು ವಾಂತಿ, ಒಂದು ಕೈಕಾಲಿನ ಬಲ ಕುಂದುವುದು, ಮುಖ ಕತ್ತು ಊದಿಕೊಳ್ಳುವುದು. ಇವಕ್ಕೆ ಮುಂದಿನ ಸ್ಕ್ಯಾನ್ ತಾರೀಖಿನವರೆಗೆ ಕಾಯಬಾರದು. ಬೆನ್ನುನೋವಿನ ಜೊತೆ ಎರಡೂ ಕಾಲು ಸೋತರೆ ಅಥವಾ ಉಚ್ಚೆ ಕಟ್ಟಿದರೆ ಆ ದಿನವೇ ತುರ್ತು ವಿಭಾಗ. ಬೆನ್ನುಹುರಿ ಒತ್ತಿದ್ದರೆ ಗಂಟೆಗಳ ಲೆಕ್ಕ.

ಈಗ ಹೇಳುವ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ‘ಗಡ್ಡೆ ಇತ್ತು, ತೆಗೆದರು’ ಎಂದಷ್ಟೇ ಗೊತ್ತಿರುವವರು ಕಫದಲ್ಲಿ ಒಂದು ಗೆರೆ ರಕ್ತ ಕಂಡರೆ ಯಾಕೆ ಹೇಳುತ್ತಾರೆ? ಸೊಸೆಗೆ ತೊಂದರೆ, ಮಗನಿಗೆ ರಜೆ ಹಾಳು ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಫಾಲೋಅಪ್‌ನ ಅರ್ಧ ಭಾಗ ಅವರ ಕೈಯಲ್ಲಿದೆ, ಅದನ್ನು ಅವರಿಗೆ ಕೊಟ್ಟೇ ಇಲ್ಲ. ಹೆಚ್ಚಿನ ಹಿರಿಯರಿಗೆ ಊಹೆ ಇರುತ್ತದೆ, ಮನೆಯವರು ಹೆದರುತ್ತಾರೆಂದು ಅವರೇ ಕೇಳುವುದಿಲ್ಲ. ಒಂದೇ ಸಲ ಎಲ್ಲವನ್ನೂ ಸುರಿಯಬೇಕಿಲ್ಲ. ‘ಅಪ್ಪ, ನಿಮ್ಮ ಕಾಯಿಲೆ ಬಗ್ಗೆ ಡಾಕ್ಟರ್ ಹೇಳಿದ್ದು ಎಷ್ಟು ತಿಳಿದುಕೊಳ್ಳಬೇಕು ಅನಿಸುತ್ತದೆ?’ ಎಂದು ಕೇಳಿ ನೋಡಿ. ಅವರು ಕೇಳಿದಷ್ಟು ಹೇಳಿ, ಸುಳ್ಳು ಹೇಳಬೇಡಿ. ಡಾಕ್ಟರ ಎದುರಿಗೆ ಹೇಳಿಸುವುದು ಸುಲಭ ಎನಿಸಿದರೆ ಹಾಗೇ ಮಾಡಿ. 1ಎ3 ಎಂಬುದು ಹೇಳಬಹುದಾದ ಸುದ್ದಿಯೇ. ಆಪರೇಷನ್ನಿನ ನಂತರ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 80, ಆ ಲೆಕ್ಕದಲ್ಲಿ ಹೃದಯ ಮುಂತಾದ ಬೇರೆ ಕಾರಣದಿಂದ ಹೋದವರೂ ಸೇರಿದ್ದಾರೆ.

ಸ್ಕ್ಯಾನ್ ಹತ್ತಿರ ಬಂದಾಗ ಮನೆಯೆಲ್ಲ ನಿದ್ದೆ ಕೆಡುವುದು ಸಹಜ. ಅದನ್ನು ಕಡಿಮೆ ಮಾಡುವ ಒಂದು ಉಪಾಯವೆಂದರೆ ಡಾಕ್ಟರ್ ಭೇಟಿ ಮೊದಲು ಗೊತ್ತು ಮಾಡಿ, ಅದಕ್ಕೆ ಎರಡು-ಮೂರು ದಿನ ಮುಂಚೆ ಸ್ಕ್ಯಾನ್ ಬುಕ್ ಮಾಡುವುದು. ಈಗ ನಿಮ್ಮ ಮನೆಯಲ್ಲಿ ಆಗಿರುವಂತೆ ರಿಪೋರ್ಟ್ ಕೈಯಲ್ಲಿ ಹಿಡಿದು ಹತ್ತು ದಿನ ಕೂರುವುದು ತಪ್ಪುತ್ತದೆ. ರಿಪೋರ್ಟ್ ಪಿಡಿಎಫ್ ಯಾರ ಮೊಬೈಲಿಗೆ ಬರಬೇಕು, ಯಾರು ಮೊದಲು ಓದಬೇಕು ಎಂದೂ ಮೊದಲೇ ಮಾತಾಡಿಕೊಳ್ಳಿ. ಆತಂಕ ಊಟ-ನಿದ್ದೆಯನ್ನೇ ತಿಂದುಬಿಟ್ಟರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಬೇರೆ ಯಾರಾದರೂ ಸೇದುತ್ತಿದ್ದರೆ ತಂಬಾಕು ಬಿಡಿಸುವ ಸಹಾಯವಾಣಿ 1800-112-356. ಅಪ್ಪನ ಎದುರು ಹೊಗೆ ಬೇಡವೇ ಬೇಡ.

ತುಂಗಾತೀರ:

ಹಳೆಯ ಸೆಂಟರಿನವರು ಸರ್ವರಿನಲ್ಲಿ ಹುಡುಕಿ ಹೇಳುತ್ತೇವೆ ಎಂದಿದ್ದಾರೆ. ಪೆಟ್ ಬುಕಿಂಗ್ ರದ್ದು ಮಾಡಿದೆವು. ಅಪ್ಪನ ಹತ್ತಿರ ಈ ಭಾನುವಾರ ಮಾತಾಡುತ್ತೇವೆ. ಕೊನೆಯದೊಂದು: ನಾವು ಶಿವಮೊಗ್ಗದವರು, ಪ್ರತಿ ಸಲ ಬೆಂಗಳೂರಿಗೆ ಹೋಗಿಬರಬೇಕು. ರೈಲಿನಲ್ಲಿ ರಿಯಾಯಿತಿ ಇದೆ ಎಂದು ಕೇಳಿದ್ದೆ. ಚಿಕಿತ್ಸೆ ಮುಗಿದವರಿಗೂ ಸಿಗುತ್ತದೆಯೇ?

ಬಯಲುಸೀಮೆ:

ಸಿಗುತ್ತದೆ. ನಿಯಮದಲ್ಲಿ ಚಿಕಿತ್ಸೆ ಜೊತೆಗೆ ‘ನಿಯತಕಾಲಿಕ ತಪಾಸಣೆ’ಯೂ ಸೇರಿದೆ. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ರೋಗಿಗೆ ಪೂರ್ತಿ ಟಿಕೆಟ್ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ 75 ಶೇಕಡ. ಸೆಕೆಂಡ್ ಕ್ಲಾಸ್, ಚೇರ್ ಕಾರಿನಲ್ಲಿ ಇಬ್ಬರಿಗೂ 75 ಶೇಕಡ. ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಡಾಕ್ಟರ್ ರೈಲ್ವೆಯ ನಮೂನೆಯಲ್ಲೇ ಸರ್ಟಿಫಿಕೇಟ್ ತುಂಬಿ, ಸಹಿ, ಸೀಲು, ನೋಂದಣಿ ಸಂಖ್ಯೆ ಹಾಕಿರಬೇಕು. ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಬರೆದ ಪತ್ರ ಕೌಂಟರಿನಲ್ಲಿ ನಡೆಯುವುದಿಲ್ಲ. ಈ ಭೇಟಿಗೇ ಖಾಲಿ ನಮೂನೆ ಪ್ರಿಂಟ್ ಹಾಕಿಸಿಕೊಂಡು ಹೋಗಿ, ಮೂರು ತಿಂಗಳ ಸಿಟಿಗೆ ಬರುವ ಪ್ರಯಾಣಕ್ಕೆ ಬರೆಸಿಕೊಂಡು ಬನ್ನಿ. ಆಸ್ಪತ್ರೆಯಲ್ಲಿ ಆ ಕಾಗದ ಎಲ್ಲಿ ಸಿಗುತ್ತದೆಂದು ಹುಡುಕುವುದರಲ್ಲೇ ಒಂದು ಮಧ್ಯಾಹ್ನ ಹೋಗುತ್ತದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ 30 ಶೇಕಡ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಬರೀ ಹೊರರೋಗಿಯಾಗಿ ಮಾಡಿಸುವ ಫಾಲೋಅಪ್ ಸಿಟಿ ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಸ್ಕ್ಯಾನಿಗೆ ಮುಂಚೆಯೇ ಕೇಳಿ. ಹಣ ಕಟ್ಟಿ ರಸೀದಿ ತಂದ ಮೇಲೆ ಕೇಳಿದರೆ ವಾಪಸ್ ಸಿಗುವುದು ಕಷ್ಟ.